ನಳಿಕಾ ಮೀಮಾಂಸೆ: ಬೇತಮಂಗಲ ಪ್ರಾಂತ್ಯದ ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ಪೈಪು, ನಲ್ಲಿಗಳ ಸ್ಥಾನನಿರ್ಣಯ

ಯಾವ ಶಾಸ್ತ್ರಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಇರಲೇಬೇಕು. ಇಲ್ಲಿ ವಿಷಯ, ಟ್ಯಾಂಕಿನಿಂದ ಕಾರ್ಬೊರೇಟರಿಗೆ ಇಳಿಯುವ ಗೇಣುದ್ದದ ಪೈಪು ಮತ್ತು ಅದರ ನೆತ್ತಿಯ ಮೇಲೆ ಕೂತ ನಲ್ಲಿ. ಪ್ರಯೋಜನ, ಪ್ಯಾಂಟು ನೆನೆಯದೆ ಬೇತಮಂಗಲದಿಂದ ಬಂಗಾರಪೇಟೆ ಮುಟ್ಟುವುದು. ಸಂಬಂಧವನ್ನು ಕ್ಲಿಪ್ಪು ನೋಡಿಕೊಳ್ಳುತ್ತದೆ. ಅಧಿಕಾರಿ ಯಾರೆಂದರೆ, ‘ಅದನ್ನು ಗುಜರಿಗೆ ಹಾಕ್ರೀ’ ಎಂದು ಮನೆಯವರು ಬೇಡಿಕೊಂಡರೂ ಯೆಜ್ಡಿ ಬೈಕನ್ನು ಮಾರದವನು. ಮಿಕ್ಕವರೂ ಓದಬಹುದು, ಪುಣ್ಯ ಬರುವುದಿಲ್ಲ.

ಈ ಶಾಸ್ತ್ರ ಬೇತಮಂಗಲದಲ್ಲೇ ಏಕೆ ಹುಟ್ಟಬೇಕು ಎಂದು ಆಕ್ಷೇಪಿಸುವವರಿದ್ದಾರೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ವಿಜಯೇಂದ್ರ ದೇವಸ್ಥಾನವಿದೆ, ಶಾಸನಗಳಿವೆ, ಪಾಲಾರ್ ನೀರನ್ನು ತಡೆದ ದೊಡ್ಡ ಕೆರೆಯಿದೆ. ಶಾಸನಗಳಲ್ಲಿ ಪೆಟ್ರೋಲ್ ನಲ್ಲಿಯ ಪ್ರಸ್ತಾಪವಿಲ್ಲ. ಆದ್ದರಿಂದ ಆ ಕಾಲದಲ್ಲಿ ಅದು ಸೋರುತ್ತಿರಲಿಲ್ಲ ಎಂದು ತರ್ಕಿಸಬಹುದು. ಗಟ್ಟಿ ಪುರಾವೆ ಸಿಗುವುದು 20ನೇ ಶತಮಾನದಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ಕರೆಂಟು ಬಂತು. ಅದೇ ಸುಮಾರಿನಲ್ಲಿ ಬೇತಮಂಗಲದ ನೀರನ್ನು ಸೋಸಿ, ಪಂಪಿನಿಂದ ಒತ್ತಿ, ಕೊಳವೆಯಲ್ಲಿ ಗಣಿಗೆ ಕಳಿಸುವ ಏರ್ಪಾಡೂ ಆಯಿತು. ಚಿನ್ನಕ್ಕಾಗಿ ಗಣಿಯವರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಅವರು ಕುಡಿಯುವ ನೀರು ಮಾತ್ರ ನಮ್ಮೂರಿಂದ ಏರು ಹತ್ತಿಕೊಂಡು ಹೋಯಿತು. 2001ರಲ್ಲಿ ಗಣಿ ಮುಚ್ಚಿತು.

ನೀರನ್ನು ಏರಿಸಿದ ಊರಿನವನಿಗೆ ಪೆಟ್ರೋಲೂ ಏರುತ್ತದೆ ಎನ್ನಿಸುವುದು ಸಹಜ. ಈ ರೋಗಕ್ಕೆ ‘ಪಂಪುಭ್ರಾಂತಿ’ ಎಂದು ಹೆಸರಿಡುತ್ತೇನೆ. ನೀರಿಗೆ ಪಂಪಿತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಕಳಿಸಿಕೊಟ್ಟ ಜಾವಾ, ಯೆಜ್ಡಿಗಳಿಗೆ ಇಲ್ಲ. ಕಿಕ್ಕರು, ಗೇರು ಎರಡನ್ನೂ ಒಂದೇ ಸನ್ನೆಗೋಲಿನಲ್ಲಿಟ್ಟ ಆ ಅದ್ವೈತಿ ಯಂತ್ರವೂ ಪೆಟ್ರೋಲಿನ ವಿಷಯದಲ್ಲಿ ಶುದ್ಧ ಲೌಕಿಕ: ಮೇಲಿಂದ ಕೆಳಕ್ಕೆ, ಅಷ್ಟೆ.

ಈಗ ನಲ್ಲಿ. ಇದಕ್ಕೆ ಮೂರು ಅವಸ್ಥೆಗಳು. ಆನ್ ಎಂದರೆ ಜಾಗ್ರತ್, ಆಫ್ ಎಂದರೆ ಸುಷುಪ್ತಿ, ರಿಸರ್ವ್ ಎಂದರೆ ಸ್ವಪ್ನ. ರಿಸರ್ವಿಗೆಂದು ಬೇರೆ ಟ್ಯಾಂಕು ಇದೆಯೆಂದು ನಂಬಿದವರ ಸಂಖ್ಯೆ ದೊಡ್ಡದು. ಟ್ಯಾಂಕು ಒಂದೇ. ನಲ್ಲಿಯಿಂದ ಒಳಗೆ ಒಂದು ಸಣ್ಣ ಕೊಳವೆ ನೆಟ್ಟಗೆ ನಿಂತಿರುತ್ತದೆ. ಆನ್‌ನಲ್ಲಿ ಪೆಟ್ರೋಲು ಅದರ ಬಾಯಿಂದ ಇಳಿಯುತ್ತದೆ, ಮಟ್ಟ ಆ ಬಾಯಿಗಿಂತ ಕೆಳಗಿಳಿದರೆ ಗಾಡಿ ಮುಕ್ಕರಿಸುತ್ತದೆ. ರಿಸರ್ವಿಗೆ ತಿರುಗಿಸಿದಾಗ ಬುಡದ ತೂತಿನಿಂದ ಉಳಿದದ್ದು ಬರುತ್ತದೆ, ಜೊತೆಗೆ ತಳದ ತುಕ್ಕು, ನೀರು, ಕಸ. ಆ ಕೊಳವೆ ಒಳಗೇ ಮುರಿದುಬಿದ್ದಿದ್ದರೆ ಆನ್‌ನಲ್ಲೇ ಟ್ಯಾಂಕು ಪೂರ್ತಿ ಬರಿದಾಗುತ್ತದೆ, ರಿಸರ್ವ್ ಎನ್ನುವುದು ಮಾಯೆ. ಆಗ ಗಾಡಿಯನ್ನು ನಲ್ಲಿಯ ಕಡೆಗೆ ವಾಲಿಸಿ, ಆಚೆ ಬದಿಯ ನಾಲ್ಕು ಹನಿಯನ್ನು ಈಚೆಗೆ ತರುವ ಪ್ರಣಾಮವಿಧಿ ಸರ್ವಸಮ್ಮತ.

ನಾಲ್ಕನೆಯದು ತುರೀಯ. ಆನ್ ಅಲ್ಲ, ಆಫ್ ಅಲ್ಲ, ರಿಸರ್ವೂ ಅಲ್ಲ, ಸದಾ ಸೋರುತ್ತಿರುತ್ತದೆ. ಒಳಗಿನ ರಬ್ಬರು ವಾಷರು ಅಥವಾ ಹಳೆಯ ಗಾಡಿಗಳಲ್ಲಿ ಬೆಂಡು ಒಣಗಿ ಕುಗ್ಗಿದಾಗ ಇದು ಸಿದ್ಧಿಸುತ್ತದೆ. ಶಾಂತಿಗಾಗಿ ಜನ ಸೋಪು ಉಜ್ಜುತ್ತಾರೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಆದ್ದರಿಂದ ಊರು ಸೇರುವವರೆಗೆ ನಿಲ್ಲುತ್ತದೆ. ಎಂ-ಸೀಲ್ ಮೆತ್ತಿದರೆ ಇನ್ನೂ ಸ್ವಲ್ಪ ದಿನ. ಎರಡನ್ನೂ ಶಾಶ್ವತವೆಂದು ನಂಬಿದವನಿಗೆ, ಸೋರುವ ಪೆಟ್ರೋಲಿನ ಹತ್ತಿರದಲ್ಲೇ ಸೈಲೆನ್ಸರ್ ಬಿಸಿಯಾಗಿಯೇ ಇರುತ್ತದೆ ಎಂಬುದನ್ನು ಶಾಸ್ತ್ರ ನೆನಪಿಸುತ್ತದೆ.

ಪೈಪಿನ ಬಗ್ಗೆ ಎರಡು ಮತಗಳಿವೆ. ಪಾರದರ್ಶಕವಾದಿಗಳು ಬಿಳಿ ಪ್ಲಾಸ್ಟಿಕ್ ಪೈಪು ಹಾಕುತ್ತಾರೆ: ಒಳಗೆ ಇಳಿಯುವುದು ಬಂಗಾರಪೇಟೆ ಪಾನಿಪುರಿಯ ಪಾನಿಯಷ್ಟು ತಿಳಿಯಾಗಿದೆಯೋ ಇಲ್ಲವೋ ಕಣ್ಣಿಗೇ ಕಾಣಬೇಕಂತೆ. (ಟು-ಸ್ಟ್ರೋಕ್ ಆಯಿಲ್ ಬೆರೆತ ಬಣ್ಣದ ಮಾತು ಬೇರೆ.) ಕೃಷ್ಣವಾದಿಗಳದು ಕಪ್ಪು ರಬ್ಬರು. ಮೊದಲಿನವರ ಪೈಪು ಹಳದಿಗಟ್ಟಿ ಕಟ್ಟಿಗೆಯಾಗಿ, ನಲ್ಲಿಯ ಮೂತಿಯಲ್ಲಿ ಬಿರಿಯುತ್ತದೆ. ಎರಡನೆಯವರದು ಒಳಗಿಂದ ಕೊಳೆತು, ಕರಿ ಪುಡಿಯನ್ನು ಕಾರ್ಬೊರೇಟರಿಗೆ ನೈವೇದ್ಯ ಮಾಡುತ್ತದೆ. ಈಚೆಗೆ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಬೆರೆಯುತ್ತಿರುವುದರಿಂದ ಎರಡೂ ಮತಗಳು ಬೇಗ ಖಂಡಿತವಾಗುತ್ತಿವೆ: ಎಥನಾಲ್ ಹಳೆಯ ರಬ್ಬರನ್ನು ಊದಿಸುತ್ತದೆ, ನೀರನ್ನು ಎಳೆದುಕೊಳ್ಳುತ್ತದೆ, ನೀರು ಹೆಚ್ಚಾದರೆ ಅದರೊಡನೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಥನಾಲ್ ತಡೆಯುವ ಪೈಪು ಕೇಳಿ ತರುವುದೇ ಸಿದ್ಧಾಂತ ಪಕ್ಷ. ನಲ್ಲಿಯ ಮೂತಿಗೂ ಪೈಪಿಗೂ ಅಳತೆ ಕೂಡದಿದ್ದರೆ ಕ್ಲಿಪ್ಪು ಬಿಗಿದು ಕೂಡಿಸುವುದು ಬಲವಂತದ ಮದುವೆ. ಅಳತೆಯ ಪೈಪನ್ನೇ ತರಬೇಕು.

ಮಾರ್ಗನಿರ್ಣಯವೇ ಈ ಪ್ರಬಂಧದ ಹೃದಯ. ಕಾರ್ಬೊರೇಟರು ಬದಲಿಸಿದವರು, ನಡುವೆ ಫಿಲ್ಟರು ತೂರಿಸಿದವರು ‘ಇರಲಿ’ ಎಂದು ಉದ್ದ ಪೈಪು ಬಿಡುತ್ತಾರೆ. ಅದು ಗೋಪುರದಂತೆ ಮೇಲೆದ್ದು ಸಿಲಿಂಡರ್ ಹೆಡ್ಡಿನ ಕಾವಿಗೆ ಮೈಯೊಡ್ಡುತ್ತದೆ. ಪೆಟ್ರೋಲು ಆವಿಯಾಗಿ, ಗುಳ್ಳೆ ಆ ಡುಬ್ಬದಲ್ಲಿ ಮಠ ಕಟ್ಟಿಕೊಳ್ಳುತ್ತದೆ. ಬಿಸಿಲಲ್ಲಿ ರಾಬರ್ಟ್‌ಸನ್‌ಪೇಟೆ ದಾಟುವಷ್ಟರಲ್ಲಿ ಗಾಡಿ ನಿಲ್ಲುತ್ತದೆ, ಹದಿನೈದು ನಿಮಿಷ ಆರಿದರೆ ತಾನೇ ಹೊರಡುತ್ತದೆ; ಮೆಕ್ಯಾನಿಕ್ಕು ಅಷ್ಟರಲ್ಲಿ ಪ್ಲಗ್ಗು, ಕಾಯಿಲು ಎರಡನ್ನೂ ಬದಲಿಸಿರುತ್ತಾನೆ. ನಿಯಮ ಇಷ್ಟೇ: ಪೈಪು ಉದ್ದಕ್ಕೂ ಇಳಿಜಾರಾಗಿರಲಿ, ಎಲ್ಲೂ ಮಡಚದಿರಲಿ, ಎಂಜಿನ್ನಿನ ರೆಕ್ಕೆಗಳನ್ನೂ ಎಕ್ಸಲರೇಟರ್ ಕೇಬಲ್ಲನ್ನೂ ಮುಟ್ಟದಿರಲಿ. ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಿ, ಆಮೇಲೆ ಕತ್ತರಿಸಿ.

ಗುಳ್ಳೆಯನ್ನು ದೂರುವ ಮೊದಲು ಟ್ಯಾಂಕಿನ ಮುಚ್ಚಳವನ್ನು ವಿಚಾರಿಸುವುದು ನ್ಯಾಯ. ಅದರ ಗಾಳಿತೂತು ಕಟ್ಟಿಕೊಂಡಿದ್ದರೂ ಪೆಟ್ರೋಲು ಇಳಿಯುವುದಿಲ್ಲ. ಮುಚ್ಚಳ ತೆರೆದೊಡನೆ ‘ಬುಸ್’ ಎಂದರೆ ತಪ್ಪಿತಸ್ಥ ಸಿಕ್ಕಿದ. ಟ್ಯಾಂಕಿಗೆ ಬಾಯಿಟ್ಟು ಊದುವ ಪ್ರಾಣಾಯಾಮ ಕೆಲವರಲ್ಲಿ ರೂಢಿಯಲ್ಲಿದೆ. ಫಲ ಸಿಗುತ್ತದೆ, ರುಚಿ ರಾತ್ರಿಯೂಟದವರೆಗೆ ಉಳಿಯುತ್ತದೆ.

ಪರೀಕ್ಷಾವಿಧಿ: ಕಾರ್ಬೊರೇಟರಿನ ಕಡೆ ಪೈಪು ಬಿಚ್ಚಿ ಬಾಟಲಿಗೆ ಹಿಡಿದು ನಲ್ಲಿ ತಿರುಗಿಸಿ. ಧಾರೆ ಕಡಿಯದೆ ಬಂದರೆ ಸರಿ. ತೊಟ್ಟಿಕ್ಕಿದರೆ ನಲ್ಲಿ ಕಳಚಿ ಒಳಗಿನ ಜಾಲರಿಯನ್ನು ನೋಡಿ, ಟ್ಯಾಂಕಿನ ಇತಿಹಾಸ ಪೂರ್ತಿ ಅಲ್ಲಿ ಬರೆದಿರುತ್ತದೆ. ಕೆಲಸ ಬಯಲಲ್ಲಿ ಆಗಲಿ, ಎಂಜಿನ್ನು ತಣ್ಣಗಿರಲಿ, ನೋಡಲು ಬಂದ ಬೀಡಿ ಸೇದುವ ಪಂಡಿತರನ್ನು ಗೌರವದಿಂದ ಆಚೆ ಕಳಿಸಿ.

ಹೆಡ್‌ಲೈಟಿಗೆ ಕ್ರೋಮು ಹೊಡೆಸಲು ಸಾವಿರಗಟ್ಟಲೆ ಸುರಿದು ಇಪ್ಪತ್ತು ವರ್ಷದ ಪೈಪನ್ನು ಹಾಗೇ ಬಿಟ್ಟವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಮಿಕ್ಕವರು ಇಂದು ರಾತ್ರಿ ಗಾಡಿ ನಿಲ್ಲಿಸುವಾಗ ನಲ್ಲಿ ಆಫ್ ಮಾಡಿ. ಬೆಳಿಗ್ಗೆ ನೆಲದ ಮೇಲೆ ಕಲೆಯಿದ್ದರೆ ಹೊಸ ವಾಷರು ತನ್ನಿ.