ನಿಂಬೆಹಣ್ಣು ಮತ್ತು ಟೈರು

ಆಯುಧಪೂಜೆಯಂದು ಕಾರಿಗೆ ಕುಂಕುಮವಿಟ್ಟು, ಬೂದುಗುಂಬಳವನ್ನು ನಿವಾಳಿಸಿ ಒಡೆದು, ನಾಲ್ಕು ಚಕ್ರಗಳನ್ನೂ ಯಥಾವಿಧಿಯಾಗಿ ನಿಂಬೆಹಣ್ಣುಗಳ ಮೇಲೆ ಹಾಯಿಸುವ ಗೃಹಸ್ಥನು, ಅದೇ ಚಕ್ರಗಳ ಟೈರುಗಳತ್ತ ಮರುವರ್ಷದ ನವರಾತ್ರಿಯವರೆಗೆ ಕಣ್ಣು ಹಾಯಿಸುವುದಿಲ್ಲವೆಂಬುದು ನಮ್ಮ ಭಕ್ತಿಯ ವೈಚಿತ್ರ್ಯಗಳಲ್ಲೊಂದು. ನಿಂಬೆಹಣ್ಣು ದೃಷ್ಟಿದೋಷವನ್ನು ಪರಿಹರಿಸೀತು. ಗಾಳಿಯ ಕೊರತೆಯನ್ನು ಪರಿಹರಿಸಲಾರದು. ಗಾಳಿ ಕಡಿಮೆಯಾದ ಟೈರು ಎರಡೂ ಅಂಚುಗಳಲ್ಲಿ, ಅತಿಯಾದದ್ದು ನಟ್ಟನಡುವೆ ಸವೆದು, ಯಜಮಾನನ ಔದಾಸೀನ್ಯವನ್ನೋ ಅತ್ಯುತ್ಸಾಹವನ್ನೋ ಬಲ್ಲವರಿಗೆ ಸಾರುತ್ತದೆ.

“ಎಷ್ಟು ಹಾಕ್ಲಿ ಸಾರ್?” ಎಂದು ಪಂಕ್ಚರ್ ಅಂಗಡಿಯ ಹುಡುಗನು ಕೇಳಿದಾಗ, “ಎಲ್ಲರಿಗೂ ಹಾಕೋ ಅಷ್ಟು ಹಾಕಪ್ಪಾ” ಎನ್ನುವ ಸಮತಾಭಾವವು ಶ್ಲಾಘ್ಯವೇ ಆದರೂ, ತಕ್ಕ ಅಂಕಿಯು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲೇ ಮುದ್ರಿತವಾಗಿರುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡವೇರುವುದರಿಂದ, ತಣ್ಣಗಿರುವಾಗಲೇ ಅಳೆಯತಕ್ಕದ್ದು. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಗಳೇ ಅದರ ಜಾತಕ: 2321 ಎಂದಿದ್ದರೆ 2021ರ 23ನೆಯ ವಾರದ ಜನನ. ಮೈಮೇಲಿನ ಗೀರುಗಳ ಆಳವು 1.6 ಮಿಲಿಮೀಟರಿಗೆ ಇಳಿಯಿತೆಂದರೆ ಆಯುಷ್ಯ ತೀರಿತು. ಮಳೆನೀರಿಗೆ ಹೊರದಾರಿಯಿಲ್ಲದೆ ಕಾರು ಜಾರತೊಡಗುತ್ತದೆ.

ಆದುದರಿಂದ ವಾಚಕ ಮಹಾಶಯರು ತಿಂಗಳಿಗೊಮ್ಮೆಯಾದರೂ ಈ ನಾಲ್ವರ ಜೊತೆಗೆ, ಡಿಕ್ಕಿಯಲ್ಲಿ ಅಜ್ಞಾತವಾಸ ಕಳೆಯುತ್ತಿರುವ ಸ್ಟೆಪ್ನಿಯ ಯೋಗಕ್ಷೇಮವನ್ನೂ ವಿಚಾರಿಸುವ ಕೃಪೆ ಮಾಡಬೇಕು.