ಗೌಪ್ಯತಾ ಅಧಿಕಾರಿಯ ಕೈಪಿಡಿ (ಹೆಚ್ಚುವರಿ ಪ್ರಭಾರ)

ಅಭಿನಂದನೆಗಳು. ಇಲಾಖೆಯ ದತ್ತಾಂಶ ಸಂರಕ್ಷಣೆ ಇವತ್ತಿನಿಂದ ನಿಮ್ಮ ತಲೆಗೆ. ಎಲ್ಲರನ್ನೂ ಬಿಟ್ಟು ನಿಮಗೇ ಯಾಕೆ ಬಂತು ಎಂದು ಕೊರಗಬೇಡಿ. ಹೆಸರು ಸೂಚಿಸುವ ಸಭೆಯ ದಿನ ನೀವು ಸಾಂದರ್ಭಿಕ ರಜೆಯಲ್ಲಿದ್ದಿರಿ, ಅಷ್ಟೇ. ಲೆಕ್ಕಪತ್ರ, ವಾಹನ, ರಾಜ್ಯೋತ್ಸವ ಸಮಿತಿ ಈಗಾಗಲೇ ನಿಮ್ಮಲ್ಲಿವೆ; ಇದು ನಾಲ್ಕನೆಯದು. ಆದೇಶದ ಕೊನೆಯಲ್ಲಿ "ಯಾವುದೇ ಹೆಚ್ಚುವರಿ ಭತ್ಯೆ ಇಲ್ಲದೆ" ಎಂದು ದಪ್ಪಕ್ಷರದಲ್ಲಿ ಬರೆದಿದೆ.

ಹುದ್ದೆಯ ಜೊತೆ ಬರುವ ಸಾಮಗ್ರಿ: ಇ-ಆಫೀಸಿನ ಒಂದು ಲಾಗಿನ್, ಇಂಗ್ಲಿಷಿನಲ್ಲಿರುವ ಒಂದು ಸುತ್ತೋಲೆ, ಒಂದು ಕಬ್ಬಿಣದ ಬೀರು. ಬೀರುವಿನ ಕೀಲಿ ಹಿಂದಿನವರ ಜೊತೆಗೇ ವರ್ಗವಾಗಿ ಹೋಗಿದೆ. ಗಾಬರಿ ಬೇಡ. ಬಲಗಡೆಯ ಕೆಳಮೂಲೆಗೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟರೆ ಬಾಗಿಲು ತೆರೆದುಕೊಳ್ಳುತ್ತದೆ. ಇದು ಕ್ಯಾಂಟೀನ್ ಹುಡುಗನಿಗೂ ಗೊತ್ತು.

ಹಂತ 1: ಮುದ್ರೆಯನ್ನು ಹಿಂಬಾಲಿಸಿ

ಪ್ರತಿ ಕಚೇರಿಯಲ್ಲೂ "ಗೌಪ್ಯ" ಎಂಬ ಕೆಂಪು ಮುದ್ರೆಯೊಂದಿರುತ್ತದೆ. ಅದು ಎಲ್ಲೆಲ್ಲಿ ಬೀಳುತ್ತದೆ ಎಂದು ಒಂದು ವಾರ ಸುಮ್ಮನೆ ನೋಡಿ. ಅಧಿಕಾರಿಗಳ ವಾರ್ಷಿಕ ವರದಿಯ ಮೇಲೆ, ಇಲಾಖಾ ವಿಚಾರಣೆಯ ಕಡತದ ಮೇಲೆ, ಇನ್ನೂ ಹೊರಬೀಳದ ವರ್ಗಾವಣೆ ಪಟ್ಟಿಯ ಮೇಲೆ. ಆಮೇಲೆ ಎದ್ದು ಮೊಗಸಾಲೆಗೆ ಬನ್ನಿ. ಅಲ್ಲಿ ಸೂಚನಾ ಫಲಕದಲ್ಲಿ ಫಲಾನುಭವಿಗಳ ಪಟ್ಟಿ ತೂಗುತ್ತಿದೆ: ಹೆಸರು, ತೀರಿಕೊಂಡ ಗಂಡನ ಹೆಸರು, ಜಾತಿ, ಮೊಬೈಲ್, ಬ್ಯಾಂಕ್ ಖಾತೆ, ಆಧಾರ್. ಅದರ ಮೇಲೆ ಯಾವ ಮುದ್ರೆಯೂ ಇಲ್ಲ. ಗಾಳಿಗೆ ಹಾರದಂತೆ ನಾಲ್ಕು ಗುಂಡುಪಿನ್ನು ಮಾತ್ರ.

ನಮ್ಮ ಕಚೇರಿ ಕನ್ನಡದಲ್ಲಿ ಗೌಪ್ಯ ಎಂದರೆ, ಹೊರಗೆ ಗೊತ್ತಾದರೆ ನಮಗೆ ತೊಂದರೆಯಾಗುವ ಸಂಗತಿ. ಗೊತ್ತಾದರೆ ಜನಕ್ಕೆ ತೊಂದರೆಯಾಗುವುದಕ್ಕೆ "ಮಾಹಿತಿ" ಎಂದು ಹೆಸರು. ಆ ಮುದ್ರೆಯನ್ನು ಆ ಮೇಜಿನಿಂದ ಈ ಪಟ್ಟಿಯವರೆಗೆ ಹೊತ್ತು ತರುವುದೇ ನಿಮ್ಮ ಕೆಲಸ. ದೂರ ಇಪ್ಪತ್ತು ಅಡಿ. ನಾನು ಮೂವತ್ತೊಂದು ವರ್ಷ ನೌಕರಿ ಮಾಡಿದೆ, ಹತ್ತು ಅಡಿ ದಾಟಲಿಲ್ಲ.

ಹಂತ 2: ಕಾಯ್ದೆಯ ಪರಿಚಯ ಮಾಡಿಕೊಳ್ಳಿ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಯಾರ ಹೆಸರಿನಲ್ಲಿದೆಯೋ ಅವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರ ವಯಸ್ಸು 86. ಆ ವಯಸ್ಸಿನವರು ನಮ್ಮ ಬಾಗಿಲಿಗೆ ಬಂದರೆ ನಾವು ಮೊದಲು ಕೇಳುವುದು ಜೀವಿತ ಪ್ರಮಾಣಪತ್ರ.

ಆರು ವರ್ಷ ಕಳೆದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಬಂತು. ಅದರ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಲಮುಗಳು ಜಾರಿಯಾಗಲು ಅಲ್ಲಿಂದ ಮುಂದೆ 18 ತಿಂಗಳ ಗಡುವು. ಸರಕಾರದ ಗಡಿಯಾರಕ್ಕೆ ಇದು ಚುರುಕೇ.

ಕಾಯ್ದೆಯ ಪ್ರಕಾರ ನಿಮ್ಮ ಇಲಾಖೆ "ಡೇಟಾ ಫಿಡ್ಯೂಷಿಯರಿ". ಪರರ ಇಡುಗಂಟನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು. ಕೌಂಟರಿನಾಚೆ ಸೆರಗು ಹೊದ್ದು ನಿಂತ ಅಜ್ಜಿ "ಡೇಟಾ ಪ್ರಿನ್ಸಿಪಲ್". ಇದನ್ನು ಕೇಸ್ ವರ್ಕರ್‌ಗೆ ಬಿಡಿಸಿ ಹೇಳಿದಾಗ ಆತ ಕತ್ತೆತ್ತಿ, "ಯಾವ ಕಾಲೇಜಿನೋರು ಸಾರ್?" ಎಂದರೆ ಬೇಜಾರು ಮಾಡಿಕೊಳ್ಳಬೇಡಿ. ಅಜ್ಜಿಗೆ ಮರ್ಯಾದೆಯ ಒಂದು ಪದವಿ ಸಿಕ್ಕಿತಲ್ಲ. ಈ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ವ್ಯಕ್ತಿ ಎಂದರೆ ಎಲ್ಲೆಲ್ಲೂ "ಅವಳು". ಗಂಡಸರು ಅದರೊಳಗೇ ಅಡಕ. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತನಗೆ ಬೇಕಾದುದರಲ್ಲಿ ಓದುವ ಅವಕಾಶ ಆಕೆಗಿರಬೇಕು. ಅಂದರೆ ಅಜ್ಜಿಗೆ ಕನ್ನಡ ಕಡ್ಡಾಯ. ಅದನ್ನು ನಿಮಗೆ ತಿಳಿಸುವ ಸುತ್ತೋಲೆಗೆ ಆ ಕಟ್ಟುಪಾಡಿಲ್ಲ.

ಬಹಳ ಹಿಗ್ಗಲೂ ಬೇಡಿ. ಸಬ್ಸಿಡಿ, ಸೌಲಭ್ಯ, ಪ್ರಮಾಣಪತ್ರ, ಪರವಾನಗಿ ಕೊಡುವಾಗ ಸರಕಾರ ಒಪ್ಪಿಗೆಗೆ ಕಾಯದೆ ಮಾಹಿತಿ ಬಳಸಲು ಏಳನೇ ಕಲಮು ದಾರಿ ಬಿಟ್ಟಿದೆ. ಹದಿನೇಳನೆಯ ಕಲಮಿನಡಿ ಕೇಂದ್ರ ಸರಕಾರ ತಾನು ಸೂಚಿಸಿದ ಸರಕಾರಿ ಸಂಸ್ಥೆಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಚೌಕಟ್ಟಿನ ಮೇಲೆ ಇಟ್ಟ ಹಾಗೆ. ನಿಮ್ಮ ಕೈಗೆ ಸಿಗುವ ಗಟ್ಟಿ ಹಿಡಿ ಎಂದರೆ ನಿಯಮಗಳ ಎರಡನೇ ಅನುಸೂಚಿ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕೇಳಿ, ಎಷ್ಟು ದಿನ ಬೇಕೋ ಅಷ್ಟೇ ಇಟ್ಟುಕೊಳ್ಳಿ ಎಂಬುದು ಅದರ ತಾತ್ಪರ್ಯ. ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ನಿಮ್ಮ ಅರ್ಜಿ ನಮೂನೆಯನ್ನು ಒಮ್ಮೆ ಓದಿ. ವೃದ್ಧಾಪ್ಯ ವೇತನಕ್ಕೆ ರಕ್ತದ ಗುಂಪು ಯಾಕೆ? ಯಾರಿಗೂ ಗೊತ್ತಿಲ್ಲ. ನಮೂನೆಗೆ ಕಾಲಂ ಸೇರಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ, ತೆಗೆದವರನ್ನು ಕಂಡಿಲ್ಲ.

ಹಂತ 3

ಗೌಪ್ಯ. ಓದಲು ಮೇಲಧಿಕಾರಿಗಳ ಪೂರ್ವಾನುಮತಿ ಅಗತ್ಯ.

ಹಂತ 4: ಒಂದು ಜೆರಾಕ್ಸಿನ ಹಿಂದೆ ನಡೆಯಿರಿ

ಹ್ಯಾಕರ್ ಎಂದರೆ ತಲೆಗೆ ಕಪ್ಪು ಟೋಪಿ ಎಳೆದುಕೊಂಡು ಕತ್ತಲಲ್ಲಿ ಕೂತವನು ಎಂದು ತರಬೇತಿಯಲ್ಲಿ ಚಿತ್ರ ತೋರಿಸುತ್ತಾರೆ. ಅವನಿಗೆ ನಮ್ಮ ಕಚೇರಿಯಲ್ಲಿ ಕೆಲಸವೇ ಇಲ್ಲ. ಇಲ್ಲಿ ಎಲ್ಲವೂ ಹಗಲಿನಲ್ಲೇ ಸಿಗುತ್ತದೆ. ಒಂದು ಆಧಾರ್ ಜೆರಾಕ್ಸನ್ನು ಹಿಡಿದು ಅದು ಹೋದಲ್ಲೆಲ್ಲ ಹೋಗಿ. ಅಂಗಡಿಯವನು ಮೂರು ಪ್ರತಿ ತೆಗೆದು, ಮಸುಕಾದ ನಾಲ್ಕನೆಯದನ್ನು ಬುಟ್ಟಿಗೆ ಹಾಕಿದ. ಅರ್ಜಿಗೆ ಒಂದು, ಕಡತಕ್ಕೆ ಒಂದು, "ಇರಲಿ" ಎಂದು ಒಂದು. ಈ "ಇರಲಿ" ಪ್ರತಿ ಎಲ್ಲಿ ಇರುತ್ತದೆ ಎಂಬುದನ್ನು ಕಂಡುಹಿಡಿದವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು. ಇನ್ನೊಂದು ಸೊಗಸು ಕೇಳಿ. ಕಾಯ್ದೆ ಡಿಜಿಟಲ್ ಆದದ್ದಕ್ಕೆ, ಇಲ್ಲವೇ ಆಮೇಲೆ ಡಿಜಿಟಲ್ ಮಾಡಿದ್ದಕ್ಕೆ ಮಾತ್ರ ಅನ್ವಯ. ಹಾಗಾಗಿ ಕಾಗದವಾಗಿ ಬಿದ್ದಿರುವವರೆಗೆ ಆ ಜೆರಾಕ್ಸಿಗೆ ಈ ಕಾಯ್ದೆಯ ರಕ್ಷೆಯಿಲ್ಲ.

ಒಮ್ಮೆ ಎಚ್ಚರಿಕೆಯೂ ಬಂದಿತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಡಿ ಎಂದು ಪ್ರಕಟಣೆ ಹೊರಡಿಸಿತು. 29ರಂದು ದೆಹಲಿಯ ಸಚಿವಾಲಯ ಅದನ್ನು ಹಿಂತೆಗೆದುಕೊಂಡಿತು. ಜನ ತಪ್ಪು ತಿಳಿಯುವ ಸಾಧ್ಯತೆಯಿದೆಯಂತೆ, ಎಂದಿನ ವಿವೇಕ ಬಳಸಿದರೆ ಸಾಕಂತೆ. ಶುಕ್ರವಾರ ಹುಟ್ಟಿ ಭಾನುವಾರ ತೀರಿಕೊಂಡ ಎಚ್ಚರಿಕೆ ಅದು. ನಡುವೆ ನಾಲ್ಕನೇ ಶನಿವಾರ. ನಮ್ಮ ಯಾವ ಕಚೇರಿಗೂ ಅದನ್ನು ಒಂದು ದಿನದ ಮಟ್ಟಿಗೂ ಪಾಲಿಸಬೇಕಾಗಿ ಬರಲಿಲ್ಲ. ಮಾಸ್ಕ್ ಮಾಡಿದ ಆಧಾರ್ ಈಗಲೂ ಇದೆ. ತಂದುಕೊಟ್ಟು ನೋಡಿ, "ನಂಬರ್ರೇ ಕಾಣಲ್ವಲ್ಲಮ್ಮ, ಬೇರೆ ತಗೊಂಬಾ" ಎನ್ನುತ್ತಾರೆ. ಆ ಮಾತು ನಿಮ್ಮ ಕೌಂಟರಿನಲ್ಲಿ ನಿಲ್ಲಿಸಿದ ದಿನ ನೀವೇ ನಿಮ್ಮ ಬೆನ್ನು ತಟ್ಟಿಕೊಳ್ಳಿ.

ಕಾಗದ ನಡೆಯುವ ದಾರಿಯಲ್ಲಿ ಕಾಯಿಲೆಗಳೂ ನಡೆಯುತ್ತವೆ. ನನ್ನ ವೈದ್ಯಕೀಯ ವೆಚ್ಚ ಮರುಪಾವತಿಯ ಬಿಲ್ಲು ಮಂಜೂರಾಗಲು ಏಳು ಮೇಜು ಹತ್ತಿಳಿಯಿತು. ರೋಗದ ಹೆಸರು ಮೂಲವ್ಯಾಧಿ. ಮೊದಲ ಮೇಜಿನವರು "ಪರಿಶೀಲಿಸಿದೆ" ಎಂದು ಬರೆದು, ಸುವರ್ಣಗೆಡ್ಡೆ ತಿನ್ನಿ ಎಂದರು. ಎರಡನೆಯವರು ಮಜ್ಜಿಗೆ. ಮೂರನೆಯವರು ತಮ್ಮ ಷಡ್ಡಕನಿಗೆ ವಾಸಿಯಾದ ನಾಟಿ ವೈದ್ಯರ ಫೋನ್ ನಂಬರನ್ನು ಕಡತದ ಅಂಚಿನಲ್ಲೇ ಬರೆದುಕೊಟ್ಟರು. ಲೆಕ್ಕ ಶಾಖೆಯಲ್ಲಿ ನಾನು ಕೂರುವ ಮುಂಚೆಯೇ ಒಬ್ಬರು ದಿಂಬು ತಂದಿಟ್ಟರು. ಯಾರಿಗೂ ಕೇಡಿನ ಮನಸ್ಸಿರಲಿಲ್ಲ ನೋಡಿ. ನಮ್ಮಲ್ಲಿ ಖಾಸಗಿತನ ಹೋಗುವುದು ಹೀಗೆ ಕನಿಕರದ ಕೈಯಿಂದಲೇ. ಇದಕ್ಕೆ ನಿಯಮಗಳಲ್ಲಿ ಅನುಸೂಚಿ ಇಲ್ಲ. ರೋಗದ ಚೀಟಿಯನ್ನು ಲಕೋಟೆಗೆ ಹಾಕಿ, ಅದನ್ನು ನೋಡಲೇಬೇಕಾದ ಒಬ್ಬರಿಗೆ ಮಾತ್ರ ತೋರಿಸುವುದು ನನಗೆ ತೋಚಿದ ಮದ್ದು.

ರದ್ದಿಗೆ ಹಾಕುವ ಮುನ್ನ ಹರಿಯಿರಿ. ಪರಿಷೆಯಲ್ಲಿ ಕಡಲೆಕಾಯಿ ತಿಂದು ಮುಗಿಸಿ ಪೊಟ್ಟಣ ಬಿಚ್ಚಿದೆ. ಯಾರದೋ ಆದಾಯ ಪ್ರಮಾಣಪತ್ರದ ಅರ್ಜಿ. ಕೆಳಗೆ "ಪರಿಶೀಲಿಸಿ ಮಂಡಿಸಿದೆ" ಎಂದು ಸಹಿ. ಸಹಿ ನನ್ನದೇ.

ಹಂತ 5: ಪಟ್ಟಿ ಹಾಕುವುದು, ಪಟ್ಟಿ ತೆಗೆಯುವುದು

ಇದು ಸೂಕ್ಷ್ಮದ ಕೆಲಸ, ಟೀ ಕುಡಿದು ಬನ್ನಿ. ಫಲಾನುಭವಿಗಳ ಪಟ್ಟಿ ಗೋಡೆಗೆ ಬಂದದ್ದು ಸುಮ್ಮನೆ ಅಲ್ಲ. ಸತ್ತವರ ಹೆಸರಲ್ಲಿ ಕೂಲಿ ಎತ್ತುವುದು, ಇಲ್ಲದ ಮನೆಗೆ ಬಿಲ್ಲು ಮಾಡುವುದು ಹೊರಬಿದ್ದದ್ದು ಊರವರು ಪಟ್ಟಿ ಓದಿದ್ದರಿಂದ. ಮಾಹಿತಿ ಹಕ್ಕು ಕಾಯ್ದೆ, 2005ರ ನಾಲ್ಕನೇ ಕಲಮು ಇಂಥದನ್ನು ತಾನಾಗಿಯೇ ಪ್ರಕಟಿಸಿ ಎನ್ನುತ್ತದೆ. ನಾವು ಮಾಡಿದ್ದೇನು? ಹೆಸರು ಹಾಕಿ ಎಂದರೆ ಇಡೀ ಎಕ್ಸೆಲ್ ಹಾಳೆಯನ್ನೇ ಹಾಕಿದೆವು. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ನಾಲ್ಕೇ ನಾಲ್ಕು ಸರಕಾರಿ ಜಾಲತಾಣಗಳನ್ನು ನೋಡಿ, ಅಲ್ಲಿ 13 ಕೋಟಿಯಷ್ಟು ಆಧಾರ್ ಸಂಖ್ಯೆಗಳು ಬಯಲಿಗೆ ಬಿದ್ದಿರಬಹುದು ಎಂದು ಅಂದಾಜಿಸಿತು. ಯಾರೂ ಕದ್ದಿರಲಿಲ್ಲ. ಇಲಾಖೆಗಳೇ ಪಾರದರ್ಶಕತೆಯ ಹೆಸರಿನಲ್ಲಿ ಅಂಗಳದಲ್ಲಿ ಹರಡಿದ್ದವು, ಹಪ್ಪಳ ಒಣಗಿಸಿದ ಹಾಗೆ.

ಆದ್ದರಿಂದ ಪಟ್ಟಿಯ ಮುಂದೆ ಒಂದು ಅಡಿಪಟ್ಟಿ ಮತ್ತು ಕಪ್ಪು ಪೆನ್ನು ಹಿಡಿದು ಕೂರಿ. ಹೆಸರು, ಊರು, ಯೋಜನೆ, ಮೊತ್ತ, ತಿಂಗಳು: ಇರಲಿ, ಇದು ಊರಿನ ಹಣ, ಊರು ನೋಡಲಿ. ಆಧಾರ್, ಖಾತೆ ಸಂಖ್ಯೆ, ಮೊಬೈಲ್, ಕಾಯಿಲೆ, ಅಂಗವೈಕಲ್ಯದ ಶೇಕಡಾವಾರು: ಹೊಡೆಯಿರಿ. ಯಾವುದಾದರೂ ಕಾಲಂ ಬಗ್ಗೆ ಅನುಮಾನ ಬಂದರೆ ಆ ಸಾಲಿನಲ್ಲಿ ನಿಮ್ಮ ತಾಯಿಯ ಹೆಸರು ಬರೆದು, ಎದುರುಮನೆಯವರು ಅದನ್ನು ಓದುತ್ತಿದ್ದಾರೆ ಎಂದುಕೊಳ್ಳಿ. ಪೆನ್ನು ತಾನೇ ಓಡುತ್ತದೆ.

ಈ ಪರೀಕ್ಷೆಯನ್ನು ನಾವು 2020ರ ಮಾರ್ಚಿನಲ್ಲಿ ಮಾಡಲಿಲ್ಲ. ಕೊರೊನಾ ಬಂದಾಗ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳನ್ನು ನಮ್ಮ ರಾಜ್ಯ ಜಿಲ್ಲಾವಾರು ಪ್ರಕಟಿಸಿತು. ಅವರ ಕೈ ಮೇಲೆ ಅಳಿಯದ ಶಾಯಿಯ ಮುದ್ರೆ. ಗಂಟೆಗೊಂದು ಸೆಲ್ಫಿಯನ್ನು ಆ್ಯಪಿನಲ್ಲಿ ಕಳಿಸಬೇಕು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಾತ್ರ ನಿದ್ದೆಗೆ ವಿನಾಯಿತಿ. ಭಯದ ದಿನಗಳು, ಒಪ್ಪೋಣ. ಆ ಪಟ್ಟಿ ನನ್ನ ಫೋನಿಗೂ ಬಂತು, ನಾನೂ ಮೊದಲು ಹುಡುಕಿದ್ದು ನಮ್ಮ ಬೀದಿಯ ಹೆಸರನ್ನೇ. ಸಿಕ್ಕಿತು. ಆ ಮನೆಗೆ ಹಾಲು ಹಾಕುವವನು ಮರುದಿನದಿಂದ ಗೇಟಿನಾಚೆಯೇ ಪ್ಯಾಕೆಟ್ ಎಸೆದು ಹೋಗತೊಡಗಿದ. ಪಟ್ಟಿ ಪ್ರಕಟಿಸಲು ಆದೇಶ ಬೇಕಿತ್ತು. ಜನರ ಫೋನಿನಿಂದ ಅದನ್ನು ವಾಪಸು ತರುವ ಆದೇಶವನ್ನು ಯಾರೂ ಬರೆಯಲಾರರು.

ಹಂತ 6: ವಾಟ್ಸ್‌ಆ್ಯಪ್ ಗುಂಪು

ಬಿಟ್ಟುಬಿಡಿ. ಅದು ನಿಮ್ಮಿಂದಾಗದು. ಗುಂಪಿನಲ್ಲಿ ಇನ್ನೂ ಇರುವ ನಿವೃತ್ತರು, ವರ್ಗವಾದವರು ಮತ್ತು ಹೋದ ವರ್ಷ ಬಿಟ್ಟುಹೋದ ಹೊರಗುತ್ತಿಗೆಯ ಆಪರೇಟರ್, ಇಷ್ಟು ಜನರನ್ನು ತೆಗೆದುಹಾಕಿದರೂ ದೊಡ್ಡ ಸಾಧನೆ. ಮೊದಲು ನನ್ನನ್ನೇ ತೆಗೆಯಿರಿ.

ಹಂತ 7: ಸೋರಿಕೆಯಾದಾಗ

ಸೈಬರ್ ಅವಘಡವಾದರೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ಇದು 2022ರ ಏಪ್ರಿಲಿನ ನಿರ್ದೇಶನ. ಹೊಸ ನಿಯಮ ಜಾರಿಯಾದ ಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ತಡಮಾಡದೆ ಹೇಳಬೇಕು, ಮಂಡಳಿಗೆ 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. ಸರಿಯಾದ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ.

ನಮ್ಮ ಪದ್ಧತಿ ಬೇರೆ. ಮೊದಲ 6 ಗಂಟೆ "ಹೊರಗೆ ಹೇಳಿದವರು ಯಾರು?" ಎಂಬ ತನಿಖೆ. ಮುಂದಿನ 72 ಗಂಟೆ ಅಧೀನ ಕಚೇರಿಗಳಿಂದ "ನಮ್ಮಲ್ಲಿ ಯಾವುದೇ ಸೋರಿಕೆ ಇರುವುದಿಲ್ಲ" ಎಂಬ ಶೂನ್ಯ ವರದಿ ತರಿಸುವುದು. ಅಜ್ಜಿಗೆ ಹೇಳುವ ಕಾಲಂ ಆ ನಮೂನೆಯಲ್ಲಿ ಇರುವುದಿಲ್ಲ. ನೀವು ಕ್ರಮ ತಿರುಗಿಸಿ: ಮೊದಲು ಅಜ್ಜಿಗೆ ಒಂದು ಫೋನು. "ಅಜ್ಜಿ, ನಿಮ್ಮ ಖಾತೆ ನಂಬರು ನಮ್ಮಿಂದ ಹೊರಗೆ ಹೋಗಿದೆ. ಬ್ಯಾಂಕಿನವರು ಅಂತ ಯಾರಾದ್ರೂ ಫೋನ್ ಮಾಡಿದ್ರೆ ಓಟಿಪಿ ಹೇಳಬೇಡಿ." ಇದಕ್ಕೆ ಟಿಪ್ಪಣಿ, ಅನುಮೋದನೆ ಯಾವುದೂ ಬೇಡ. "ನಮ್ಮಿಂದ" ಎಂಬ ಪದ ನಾಲಿಗೆಗೆ ಬರುವುದು ಕಷ್ಟ. ಮನೆಯಲ್ಲಿ ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಎಚ್ಚರಿಕೆ: ಹರಿತವಾದ ಉಪಕರಣ

ಹೊಸ ಕಾಯ್ದೆಯ 44ನೇ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ಬದಲಿಸಿದೆ. ಹಿಂದೆ ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಎಂಬ ಮಾತು ಅಲ್ಲೇ ಇತ್ತು. ಈಗ "ವೈಯಕ್ತಿಕ ಮಾಹಿತಿ" ಎಂದರೆ ಮುಗಿಯಿತು. ಸಾರ್ವಜನಿಕ ಹಿತ 8(2)ರಲ್ಲಿ ಉಳಿದಿದೆ, ಹುಡುಕುವ ಕಣ್ಣಿದ್ದವರಿಗೆ. ನಿಮ್ಮ ನೇಮಕವಾದ ವಾರದೊಳಗೆ, ಇಡೀ ಕಾಯ್ದೆಯಲ್ಲಿ ಇದೊಂದನ್ನು ಮಾತ್ರ ಬಾಯಿಪಾಠ ಮಾಡಿದ ಸಹೋದ್ಯೋಗಿಗಳು ನಿಮ್ಮ ಕೋಣೆಗೆ ಬರುತ್ತಾರೆ. ಪ್ರವಾಸ ಭತ್ಯೆಯ ಬಿಲ್ಲು ವೈಯಕ್ತಿಕವೇ ಸಾರ್? ಗುತ್ತಿಗೆದಾರನ ಹೆಸರು? ಜೀಪಿನ ಲಾಗ್ ಪುಸ್ತಕ? ವಿಧವೆಯ ಮೊಬೈಲ್ ನಂಬರನ್ನು ಗೋಡೆಗೆ ಅಂಟಿಸಿದ ಕೈಗಳೇ ಇವು. ಟೀ ತರಿಸಿ, ಕೂರಿಸಿ, ಇಲ್ಲ ಎನ್ನಿ. ಆ ಕೆಂಪು ಮುದ್ರೆ ಇಪ್ಪತ್ತು ಅಡಿ ನಡೆದು ಬಂದು, ತಿರುಗಿ ಹಳೇ ಮೇಜಿಗೇ ಹೋಗುವ ದಾರಿ ಇದೇ.

ಪ್ರಭಾರ ಹಸ್ತಾಂತರ

ಇಷ್ಟರಲ್ಲಿ ನಿಮ್ಮ ವರ್ಗಾವಣೆ ಆಗುತ್ತದೆ. ಆ ಪಟ್ಟಿ ಗೌಪ್ಯವಾದ್ದರಿಂದ ನಿಮಗೆ ಹದಿನೈದು ದಿನ ಮುಂಚೆ ಕ್ಯಾಂಟೀನಿನಲ್ಲಿ ತಿಳಿಯುತ್ತದೆ. ಹೊಸಬರಿಗೆ ಬೀರು ತೋರಿಸಿ, ಮೊಣಕಾಲಿನ ಮೂಲೆ ತೋರಿಸಿ, ಕೆಂಪು ಬಸ್ಸು ಹತ್ತಿ. ತಿಪಟೂರು ದಾಟುವಾಗ ಅವರ ಫೋನು ಬರುತ್ತದೆ: "ಸಾರ್, ಪಾಸ್‌ವರ್ಡು?" ಗಾಳಿಯ ಸದ್ದು, ಸಿಗ್ನಲ್ ಇಲ್ಲ. ನೀವು ಕಿಟಕಿಗೆ ಆತುಕೊಂಡು ಕೂಗುತ್ತೀರಿ: ಇಲಾಖೆಯ ಹೆಸರು, ಅಟ್ ದಿ ರೇಟ್, ಒಂದು ಎರಡು ಮೂರು. ಅವರಿಗೆ ಕೇಳಿಸುವುದಿಲ್ಲ. ಇನ್ನೊಮ್ಮೆ ಕೂಗುತ್ತೀರಿ. ಆಗ ಹಿಂದಿನ ಸೀಟಿನಿಂದ ಒಬ್ಬಾಕೆ, ಮಡಿಲಲ್ಲಿ ಪಿಂಚಣಿ ಪಾಸ್‌ಬುಕ್ಕನ್ನೂ ಆಧಾರ್ ಕಾರ್ಡನ್ನೂ ಎಲೆಅಡಿಕೆ ಸಂಚಿಯೊಳಗಿಟ್ಟು ದಾರ ಎರಡು ಸುತ್ತು ಬಿಗಿದುಕೊಂಡವಳು, ಮುಂದಕ್ಕೆ ಬಾಗಿ ಹೇಳುತ್ತಾಳೆ:

"ಮೆಲ್ಲಗೆ ಹೇಳಪ್ಪ, ಯಾರಾದ್ರೂ ಕೇಳಿಸ್ಕೊಂಡಾರು."