ಕಾಂಪೌಂಡ್ ಆಚೆಯ ಮಾಯಾಮಾಳವಗೌಳ

ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ ಪಕ್ಕದ ಮನೆ ಹುಡುಗ ಕಟ್ಟೆ ಮೇಲೆ ಕೂತು ಯುಕುಲೇಲೆ ಮೀಟುತ್ತಿದ್ದ. ನಾಲ್ಕು ಸ್ವರ ಹತ್ತುವುದು, ತಪ್ಪುವುದು, ಮತ್ತೆ ಮೊದಲಿಂದ. ಎರಡು ಅಂಗಿ ಮಡಚುವಷ್ಟರಲ್ಲಿ ನನ್ನ ಬಾಯಿಗೆ ತಾನಾಗಿಯೇ ಸರಿಗಮ ಬಂದುಬಿಟ್ಟಿತು.

"ಏನೋ ಅದು ನುಡಿಸ್ತಿರೋದು?"

"ಎಕ್ಸಾಟಿಕ್ ಸ್ಕೇಲ್ ಆಂಟಿ. ಡಬಲ್ ಹಾರ್ಮೋನಿಕ್ ಅಂತ. ಬೈಜಾಂಟೈನ್ ಅಂತಾನೂ ಹೇಳ್ತಾರೆ. ಬೆರಳು ಕೂರ್ತಾನೇ ಇಲ್ಲ."

"ಅಯ್ಯೋ ಮಗು, ಅದು ಮಾಯಾಮಾಳವಗೌಳ ಕಣೋ!"

ನಮ್ಮ ಕಡೆ ಪಾಠಕ್ಕೆ ಕೂತ ಮಗು ತೊಡೆ ತಟ್ಟಿಕೊಂಡು ಮೊದಲು ಹೇಳುವ ಸರಳೆ ವರಸೆಯೇ ಈ ರಾಗದಲ್ಲಿ. ಆ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂದೇ ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಮೇಳಕರ್ತದಲ್ಲಿ ಇದು 15ನೆಯದು. ಉತ್ತರದವರಿಗೆ ಇದೇ ಸ್ವರಗಳು ಭೈರವ್, ಅರಬರಿಗೆ ಹಿಜಾಜ್ ಕಾರ್. ಹುಡುಗನಿಗೆ ಕೊನೆಗೆ ನುಡಿಸಬೇಕಾಗಿದ್ದುದು 'ಮಿಸಿರ್ಲೂ'. ಗ್ರೀಕರ ನಡುವೆ ಹಬ್ಬಿದ ಹಳೆಯ ಹಾಡು ಅದು. 1962ರಲ್ಲಿ ಡಿಕ್ ಡೇಲ್ ಗಿಟಾರಿನಲ್ಲಿ ಮಿಂಚಿನಂತೆ ನುಡಿಸಿ ಅಮೆರಿಕದವರ ಕಿವಿಗೆ ಹತ್ತಿಸಿದ. ಅವನ ತಂದೆಯ ಕಡೆಯವರು ಲೆಬನಾನಿನವರು. ಇಷ್ಟು ಜನರ ಮನೆಮಾತಾದ ಸ್ವರಗಳನ್ನು 'ಎಕ್ಸಾಟಿಕ್' ಎಂದು ಕರೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹಾಗೆ ಕರೆದ ಕೂಡಲೇ ಕಲಿಯುವ ಮಗು ಹೆದರುತ್ತದೆ.

ಗೋಡೆಯ ಮೇಲಿಂದಲೇ ವಾದ್ಯ ಇಸಿದುಕೊಂಡೆ. ಮೊಳದುದ್ದವೂ ಇಲ್ಲದ ಕೈ, ನಾಲ್ಕು ನೈಲಾನ್ ತಂತಿ. 1879ರಲ್ಲಿ ಮಡೈರಾ ದ್ವೀಪದಿಂದ ಹವಾಯಿಗೆ ಹಡಗಿನಲ್ಲಿ ಬಂದ ಪೋರ್ಚುಗೀಸ್ ಬಡಗಿಗಳು ತಮ್ಮ ಪುಟ್ಟ ಗಿಟಾರಿನ ಮಾದರಿಯಲ್ಲಿ ಮಾಡಿದ್ದಂತೆ, ಅವನೇ ಹೇಳಿದ.

ಅವನ ತೊಡಕು ಎಲ್ಲಿದೆ ಎಂದು ನೋಡಿದೆ. ಆರು ತಿಂಗಳಿಂದ ಸಿ ಮೇಜರ್ ನುಡಿಸಿ ನುಡಿಸಿ ಬೆರಳಿಗೆ ಅದೇ ರೂಢಿ. ಅದು ನಮ್ಮ ಶಂಕರಾಭರಣದ ಸ್ವರಗಳೇ. ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎರಡೇ: ರಿ ಮತ್ತು ದ ಒಂದೊಂದು ಮನೆ, ಅಂದರೆ ಒಂದೊಂದು ಫ್ರೆಟ್, ಕೆಳಗೆ. ಬೆರಳು ಮಾತ್ರ ಹಳೆಯ ರಿಷಭಕ್ಕೇ ಓಡುತ್ತಿತ್ತು.

"ತಂತಿ ಬದಲಾಯಿಸಬೇಡ, ಸಿ ತಂತಿ ಒಂದರಲ್ಲೇ ಹೋಗು" ಅಂದೆ. ಬಿಟ್ಟ ತಂತಿ ಸ, ಒಂದನೆಯ ಮನೆ ರಿ, ನಾಲ್ಕು ಗ, ಐದು ಮ. ಒಂದರಿಂದ ನಾಲ್ಕಕ್ಕೆ ಹಾರುವಾಗ ಆ ಖಾಲಿ ಜಾಗ ಕೈಗೇ ತಿಳಿಯುತ್ತದೆ. ಈ ರಾಗದ ಜೀವ ಅಲ್ಲಿದೆ. ಮುಂದೆ ಏಳು ಪ, ಎಂಟು ದ, ಹನ್ನೊಂದು ನಿ, ಹನ್ನೆರಡು ಮೇಲಿನ ಸ. ಕೆಳಗೆ ಹಾಕಿದ ಹೆಜ್ಜೆಯೇ ಮೇಲೆ ಮತ್ತೊಮ್ಮೆ. ಅರ್ಧ ಕಲಿತರೆ ಉಳಿದರ್ಧ ತಾನೇ ಬಂದ ಹಾಗೆ. ಎಳೆಯ ಮಕ್ಕಳಿಗೆ ಇದನ್ನೇ ಮೊದಲು ಕೊಟ್ಟದ್ದು ಎಂಥ ದೊಡ್ಡ ಮನಸ್ಸಿನ ಯೋಚನೆ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಇನ್ನೊಂದು ಸಂಗತಿ ನನಗೂ ಆಗಲೇ ಹೊಳೆದದ್ದು. ಮುಖದ ಕಡೆಯ ಎರಡು ತಂತಿ ಜಿ ಮತ್ತು ಸಿ. ಸಿ ಷಡ್ಜವಾದರೆ ಜಿ ಪಂಚಮ! ತಂಬೂರಿಯಲ್ಲಿ ಪಂಚಮ ಷಡ್ಜಕ್ಕಿಂತ ಕೆಳಗಿರುತ್ತದೆ, ಇಲ್ಲಿ ಮೇಲಿದೆ. ಆದರೂ ಹೆಬ್ಬೆರಳಿನಿಂದ ಎರಡನ್ನೂ ಮೆಲ್ಲಗೆ ಮೀಟುತ್ತಿದ್ದರೆ ಶ್ರುತಿ ನಿಂತುಬಿಡುತ್ತದೆ. "ಇದನ್ನ ಮೀಟ್ಕೊಂಡು ಮೊದಲು ಹಾಡು, ಆಮೇಲೆ ನುಡಿಸು" ಅಂದೆ. ಹಾಡಲು ನಾಚಿದ. ನಾನೇ ಶುರು ಮಾಡಿದೆ, ಹಿಂದೆಯೇ ಬಂದ. ನಾಲ್ಕನೆಯ ಸಲಕ್ಕೆ ಅವನ ರಿಷಭ ಸ್ವಲ್ಪ ತಗ್ಗಿ ಷಡ್ಜಕ್ಕೆ ಒರಗಿಕೊಂಡಿತು. ವಾದ್ಯಕ್ಕೆ ವಾಪಸು ಬಂದಾಗ ಬೆರಳು ಒಂದನೆಯ ಮನೆಯಲ್ಲೇ ಕೂತಿತು.

ಗಮಕದ ಮಾತೂ ಬಂತು. ವೀಣೆಯ ಹಾಗೆ ತಂತಿ ಎಳೆದು ಸ್ವರ ಅಲುಗಿಸಲು ನೈಲಾನ್ ಅಷ್ಟಾಗಿ ಬಗ್ಗುವುದಿಲ್ಲ. ಪಕ್ಕದ ಮನೆಯಿಂದ ಜಾರಿಸಿಯೇ ತರಬೇಕು. ಯು. ಶ್ರೀನಿವಾಸ್ ಅಷ್ಟು ಚಿಕ್ಕ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ತುಂಬಿ ತೋರಿಸಿದ್ದನ್ನು ಕೇಳಿಸಿದೆ. ಹುಡುಗ ಸುಮ್ಮನೆ ಕೂತು ಪೂರ್ತಿ ಕೇಳಿದ.

ಎರಡು ವಾರ ಆಯಿತು. ನಿನ್ನೆ ಮಲಹರಿಗೆ ಕೈ ಹಾಕಿದೆವು, ಇದೇ ಮೇಳದ ಕೂಸು. ಪಿಳ್ಳಾರಿ ಗೀತೆಗಳ ರಾಗ. ಸ ರಿ ಮ ಪ ದ ಸ ಎಂದು ಹೇಳಿಕೊಟ್ಟೆ. ಅವನ ಬೆರಳು ನಾಲ್ಕನೆಯ ಮನೆಯ ಮೇಲೆ ಕಾಯುತ್ತಾ ನಿಂತಿತು.

"ಗ ಎಲ್ಲಿ ಆಂಟಿ?"

"ಇಳಿಯೋವಾಗ ಸಿಗತ್ತೆ, ಬಾ."